ತೊಟ್ಟಿ ಇದ್ದಷ್ಟೇ ಹಾಸಿಗೆ: ದ್ವೀಪದ ಪರಿಸರ ಪ್ರವಾಸದ ಒಳಲೆಕ್ಕ

ಫಿಲಿಪ್ಪೀನ್ಸ್‌ನ ಬೊರಾಕಾಯ್ ದ್ವೀಪದ ವಿಸ್ತೀರ್ಣ ಹತ್ತು ಚದರ ಕಿಲೋಮೀಟರ್ ಚಿಲ್ಲರೆ. 2017ರಲ್ಲಿ ಅಲ್ಲಿಗೆ ಬಂದುಹೋದವರು ಸುಮಾರು 20 ಲಕ್ಷ ಮಂದಿ. ಮರುವರ್ಷ ಏಪ್ರಿಲ್ 26ರಂದು ಸರ್ಕಾರ ದ್ವೀಪಕ್ಕೆ ಬೀಗ ಜಡಿಯಿತು. ಕೊಳಚೆ ನೀರು ನೇರವಾಗಿ ಕಡಲಿಗೆ ಬೀಳುತ್ತಿದ್ದುದೇ ಮುಖ್ಯ ಕಾರಣ. ಆರು ತಿಂಗಳ ಬಳಿಕ ಬಾಗಿಲು ತೆರೆದಾಗ ಜೊತೆಗೊಂದು ಲೆಕ್ಕವೂ ಬಂತು: ಒಂದು ಹೊತ್ತಿಗೆ ದ್ವೀಪದಲ್ಲಿ 19,215ಕ್ಕಿಂತ ಹೆಚ್ಚು ಪ್ರವಾಸಿಗರು ಇರುವಂತಿಲ್ಲ, ದಿನಕ್ಕೆ 6,405ಕ್ಕಿಂತ ಹೆಚ್ಚು ಮಂದಿ ಇಳಿಯುವಂತಿಲ್ಲ. ಥಾಯ್ಲೆಂಡ್‌ನ ಮಾಯಾ ಕೊಲ್ಲಿಯನ್ನೂ ಅದೇ ವರ್ಷ ಜೂನ್‌ನಲ್ಲಿ ಮುಚ್ಚಿದರು. 2022ರ ಜನವರಿಯಲ್ಲಿ ತೆರೆದಾಗ ಅಲ್ಲಿಯೂ ತಲೆ ಎಣಿಕೆಯ ನಿಯಮ ಬಂದಿತ್ತು. ದೋಣಿಗಳು ಈಗ ಕೊಲ್ಲಿಯೊಳಗೆ ನುಗ್ಗುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ನಿಲ್ಲಬೇಕು.

ಇವೆಲ್ಲ ದೊಡ್ಡ ರೆಸಾರ್ಟುಗಳ ರಾಮಾಯಣ, ಇಪ್ಪತ್ತು ಮೂವತ್ತು ಮಂದಿಯ ಪುಟ್ಟ ಪರಿಸರ ಬಳಗಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಬಿದಿರಿನ ಗುಡಿಸಲು, ಸೌರ ಫಲಕ, ಮಳೆನೀರಿನ ತೊಟ್ಟಿ, ಮಲವನ್ನು ಗೊಬ್ಬರವಾಗಿಸುವ ಕಾಂಪೋಸ್ಟ್ ಶೌಚಾಲಯ. ಹತ್ತಾರು ಮಂದಿ ಅಲ್ಲೇ ನೆಲೆಸಿ, ಬಂದ ಅತಿಥಿಗಳಿಂದ ಖರ್ಚು ಹೊಂದಿಸಿಕೊಂಡು ಬದುಕುವ ಈ ಮಾದರಿ ಉಷ್ಣವಲಯದ ದ್ವೀಪಗಳಲ್ಲಿ ಈಗ ಸಾಕಷ್ಟು ಕಡೆ ಇದೆ. ಸೋಲುವುದು ಮಾತ್ರ ಬೊರಾಕಾಯ್ ಸೋತ ರೀತಿಯಲ್ಲೇ, ಸೊನ್ನೆಗಳು ಕಡಿಮೆ ಅಷ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ದ್ವೀಪದಲ್ಲಿ ಇನ್ನೊಂದು ಹೆಜ್ಜೆ ಹಿಂದಕ್ಕೆ ಒಯ್ಯಬೇಕಾಗುತ್ತದೆ: ಹಾಸಿಗೆ ಎಷ್ಟು ಹಾಸಬೇಕೆಂಬುದನ್ನೇ ತೊಟ್ಟಿ ಹೇಳಬೇಕು. ಬಹಳಷ್ಟು ಕಡೆ ಅದನ್ನು ಸಾಲದ ಕಂತು ಹೇಳುತ್ತಿರುತ್ತದೆ.

ನೆಲದಡಿಯ ತೆಳು ಪದರ

ಹವಳದ ಮರಳಿನ ಸಣ್ಣ ದ್ವೀಪದಲ್ಲಿ ಹೊಳೆ, ಕೆರೆ ಇರುವುದಿಲ್ಲ. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತದೆ. ಸಿಹಿನೀರು ಸಮುದ್ರ ಮಟ್ಟಕ್ಕಿಂತ ಎಷ್ಟು ಮೇಲಿದೆಯೋ ಅದರ ಸುಮಾರು 40 ಪಟ್ಟು ಆಳ ಕೆಳಗಿರುತ್ತದೆ. ಇದಕ್ಕೆ ಘೈಬೆನ್-ಹರ್ಜ್‌ಬರ್ಗ್ ಸಂಬಂಧ ಎನ್ನುತ್ತಾರೆ. ಮೇಲೆ 30 ಸೆಂಟಿಮೀಟರ್ ಇದ್ದರೆ ಕೆಳಗೆ 12 ಮೀಟರ್. ಕೇಳಲು ಹಿತವಾಗಿದೆ. ಆದರೆ ಅದೇ ಲೆಕ್ಕ ತಿರುಗಿಯೂ ಕಚ್ಚುತ್ತದೆ: ಪಂಪು ಹಚ್ಚಿ ಬಾವಿಯ ಮಟ್ಟವನ್ನು 10 ಸೆಂಟಿಮೀಟರ್ ಇಳಿಸಿದರೆ, ಕೆಳಗಿನಿಂದ ಉಪ್ಪುನೀರು 4 ಮೀಟರಿನಷ್ಟು ಮೇಲೇರಲು ದಾರಿಯಾಗುತ್ತದೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಹಾಗಾಗಿ ಇಂಥ ಕಡೆ ಆಳದ ಕೊಳವೆಬಾವಿ ಕೊರೆಸುವುದು ಮೊದಲ ತಪ್ಪು. ತೀರಾ ಅಗತ್ಯವಿದ್ದರೆ ನೀರಿನ ಮಟ್ಟದಲ್ಲೇ ರಂಧ್ರವಿರುವ ಕೊಳವೆಯನ್ನು ಅಡ್ಡಲಾಗಿ ಹೂತು, ಮೇಲುಮೇಲಿನ ನೀರನ್ನು ಕೆನೆ ತೆಗೆದ ಹಾಗೆ ನಿಧಾನಕ್ಕೆ ತೆಗೆಯಬೇಕು.

ಉಳಿಯುವುದು ಸೂರಿನ ನೀರು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 120 ಚದರ ಮೀಟರ್ ತಗಡಿನ ಚಾವಣಿ, ವರ್ಷಕ್ಕೆ 2,000 ಮಿ.ಮೀ. ಮಳೆ, ಚಿಮ್ಮಿ ಸೋರಿ ಹೋಗುವುದು ಐದನೇ ಒಂದು ಪಾಲು ಎಂದಿಟ್ಟುಕೊಂಡರೆ ಕೈಗೆ ಸಿಗುವುದು 1,92,000 ಲೀಟರ್. ದಿನಕ್ಕೆ 526 ಲೀಟರ್. ತಲೆಗೆ 60 ಲೀಟರಿನಂತೆ ಬದುಕುವ ಎಂಟೊಂಬತ್ತು ಮಂದಿಗೆ ಸಾಕು. ಮಳೆ ಮಾತ್ರ ಹೀಗೆ ದಿನಾ ಭಾಗ ಹಾಕಿಕೊಂಡು ಬೀಳುವುದಿಲ್ಲವಲ್ಲ. ಮೂರು ತಿಂಗಳು ಒಣಗುವ ದ್ವೀಪದಲ್ಲಿ ಒಂಬತ್ತು ಮಂದಿಗೆ 90 ದಿನಕ್ಕೆ 48,600 ಲೀಟರ್ ಬೇಕು, ಅಂದರೆ 50,000 ಲೀಟರಿನ ತೊಟ್ಟಿ.

ಮಳೆಯಿಲ್ಲದ ಆ ಮೂರು ತಿಂಗಳೇ ಪ್ರವಾಸದ ಸುಗ್ಗಿ! ಕಡಲು ಶಾಂತ, ಆಕಾಶ ತಿಳಿ, ಗುಡಿಸಲುಗಳು ಭರ್ತಿ. ಹನ್ನೆರಡು ಅತಿಥಿಗಳು ಬಂದು, ಮನೆಯಲ್ಲಿ ಸ್ನಾನ ಮಾಡುವಂತೆಯೇ ಮಾಡಿ ತಲೆಗೆ 150 ಲೀಟರ್ ಬಳಸಿದರು ಎನ್ನಿ. ನಿವಾಸಿಗಳ 540, ಅವರ 1,800, ಒಟ್ಟು ದಿನಕ್ಕೆ 2,340 ಲೀಟರ್. ತೊಂಬತ್ತು ದಿನಕ್ಕೆಂದು ಕೂಡಿಟ್ಟ ನೀರು ಇಪ್ಪತ್ತೊಂದು ದಿನಕ್ಕೆ ಖಾಲಿ. ಮಿತವ್ಯಯದ ಫಲಕ ನೇತುಹಾಕಿದರೆ ಇದು ಬದಲಾಗುವುದಿಲ್ಲ. ನಿಮಿಷಕ್ಕೆ 10 ಲೀಟರ್ ಸುರಿಯುವ ಶವರ್ ಇದ್ದಲ್ಲಿ ಎಂಟು ನಿಮಿಷಕ್ಕೆ 80 ಲೀಟರ್ ಹೋಗಿಯೇ ತೀರುತ್ತದೆ. ಶವರ್ ತೆಗೆದು 15 ಲೀಟರಿನ ಬಕೆಟ್ಟೂ ಚೊಂಬೂ ಇಟ್ಟಲ್ಲಿ ಯಾರಿಗೂ ಬುದ್ಧಿ ಹೇಳಬೇಕಾಗಿಲ್ಲ.

ತೊಟ್ಟಿಯಷ್ಟೇ ಮುಖ್ಯವಾದದ್ದು ಮೊದಲ ಮಳೆಯನ್ನು ಹೊರಹಾಕುವ ಕೊಳವೆ. ಹಕ್ಕಿ ಹಿಕ್ಕೆ, ಎಲೆ, ಉಪ್ಪಿನ ಪುಡಿ ಎಲ್ಲವೂ ಮೊದಲ ಅರ್ಧ ಮಿಲಿಮೀಟರ್ ಮಳೆಯಲ್ಲೇ ತೊಳೆದು ಬರುತ್ತದೆ. 120 ಚದರ ಮೀಟರಿಗೆ ಅದು 60 ಲೀಟರ್. 160 ಮಿ.ಮೀ. ವ್ಯಾಸದ ಪಿವಿಸಿ ಕೊಳವೆಯಲ್ಲಿ ಮೀಟರಿಗೆ ಸುಮಾರು 17 ಲೀಟರ್ ಹಿಡಿಯುವುದರಿಂದ ಮೂರೂವರೆ ಮೀಟರ್ ಉದ್ದದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಬೇಕು. ಒಳಗೊಂದು ತೇಲುವ ಚೆಂಡು: ಕೊಳವೆ ತುಂಬಿದಾಗ ಅದು ಮೇಲೇರಿ ಬಾಯಿ ಮುಚ್ಚುತ್ತದೆ, ಆಮೇಲಿನ ನೀರು ತೊಟ್ಟಿಗೆ ಹರಿಯುತ್ತದೆ. ಬುಡದ ಮುಚ್ಚಳದಲ್ಲಿ ಎರಡು ಮೂರು ಮಿಲಿಮೀಟರ್ ತೂತು ಇರಬೇಕು, ಮಳೆ ನಿಂತ ಮೇಲೆ ಕೊಳವೆ ತಾನಾಗಿ ಬರಿದಾಗಲು. ಕೆಡುವುದು ಇಲ್ಲಿಯೇ. ಎಲೆಯ ಪುಡಿ ಆ ತೂತನ್ನು ಕಟ್ಟುತ್ತದೆ, ಕೊಳವೆ ತುಂಬಿಕೊಂಡೇ ಇರುತ್ತದೆ, ಮುಂದಿನ ಮಳೆಯ ಕೊಳೆಯೆಲ್ಲ ಸೀದಾ ಕುಡಿಯುವ ನೀರಿಗೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ವಾರಕ್ಕೊಮ್ಮೆ ಮುಚ್ಚಳ ತಿರುಗಿಸಿ ತೆಗೆದು ತೊಳೆಯುವ ಕೆಲಸ ಒಬ್ಬರ ಹೆಸರಿಗೆ ಇರಲೇಬೇಕು. ತೊಟ್ಟಿಯ ಗಾಳಿಕಿಂಡಿ, ಹೊರಹರಿವಿನ ಬಾಯಿಗಳಿಗೆ ಒಂದು ಮಿಲಿಮೀಟರ್ ಕಣ್ಣಿನ ಸ್ಟೀಲ್ ಜಾಲರಿ. ನೈಲಾನ್ ಹಾಕಿದರೆ ಬಿಸಿಲಿಗೆ ಹರಿದು, ಡೆಂಗಿ ಸೊಳ್ಳೆ ತೊಟ್ಟಿಯೊಳಗೇ ಸಂಸಾರ ಹೂಡುತ್ತದೆ.

ಕುಡಿಯುವ ನೀರಿಗೆ ಕ್ಲೋರಿನ್ ಲೆಕ್ಕ ಸರಳ: 10,000 ಲೀಟರಿಗೆ ಲೀಟರಿಗೊಂದು ಮಿಲಿಗ್ರಾಂನಂತೆ 10 ಗ್ರಾಂ ಕ್ಲೋರಿನ್ ಬೇಕು. 65% ಶಕ್ತಿಯ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 15 ಗ್ರಾಂ. ಅರ್ಧ ಗಂಟೆ ಬಿಟ್ಟು ನಲ್ಲಿಯಲ್ಲಿ ಪರೀಕ್ಷಿಸಿದಾಗ 0.2ರಿಂದ 0.5 ಮಿಲಿಗ್ರಾಂ ಉಳಿದಿರಬೇಕು. ದ್ವೀಪದ ತೇವಕ್ಕೆ ಡಬ್ಬಿಯೊಳಗಿನ ಪುಡಿಯ ಶಕ್ತಿ ಬೇಗ ಕುಂದುತ್ತದೆ, ಆದ್ದರಿಂದ ತೂಕವನ್ನು ನಂಬದೆ ಪರೀಕ್ಷೆಯನ್ನು ನಂಬುವುದು ಒಳ್ಳೆಯದು.

ಕಡಲ ನೀರನ್ನೇ ಸಿಹಿ ಮಾಡಿದರಾಯಿತಲ್ಲ? ಮಾಡಬಹುದು. ಕಡಲನೀರನ್ನು ಪೊರೆಯ ಮೂಲಕ ಒತ್ತಿ ಉಪ್ಪು ಸೋಸುವ ಆರ್‌ಒ ಯಂತ್ರಕ್ಕೆ 55ರಿಂದ 70 ಬಾರ್ ಒತ್ತಡ ಬೇಕು. ದೊಡ್ಡ ಸ್ಥಾವರದಲ್ಲೇ ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ, ಸಣ್ಣ ಯಂತ್ರದಲ್ಲಿ ಇನ್ನೂ ಹೆಚ್ಚು. ನೂರು ಲೀಟರ್ ಎಳೆದರೆ 35-40 ಲೀಟರ್ ಸಿಹಿನೀರು, ಉಳಿದದ್ದು ದಟ್ಟ ಉಪ್ಪುನೀರು. ಅದನ್ನು ನಿಂತ ಲಗೂನಿಗೆ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲನೀರಿಗೆ, ಬಿಟ್ಟರೆ ತಳದಲ್ಲೇ ಮಲಗಿ ಹವಳವನ್ನು ಕೊಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವಾಗ ಪೊರೆಯನ್ನು ಸಿಹಿನೀರಿನಲ್ಲಿ ತೊಳೆದು, ಕೆಡದಂತೆ ದ್ರಾವಣ ತುಂಬಿಡದಿದ್ದರೆ ಹೊಸ ಪೊರೆಯೇ ಬೇಕಾಗುತ್ತದೆ. ಬರಗಾಲದ ಆಸರೆಯಾಗಿ ಅದು ಸರಿ. ಹಾಸಿಗೆ ಹೆಚ್ಚಿಸುವ ನೆಪವಾಗಿ ತಂದ ಕಡೆ ಅದು ಡೀಸೆಲ್ ಜನರೇಟರನ್ನೂ ಕರೆದುಕೊಂಡೇ ಬರುತ್ತದೆ.

ಸಾರಜನಕ ಎಲ್ಲಿಗೆ ಹೋಗುತ್ತದೆ

ಒಬ್ಬ ಮನುಷ್ಯ ದಿನಕ್ಕೆ ವಿಸರ್ಜಿಸುವ ಸಾರಜನಕ ಸುಮಾರು 12 ಗ್ರಾಂ, ಬಹುಪಾಲು ಮೂತ್ರದಲ್ಲೇ. ಇಪ್ಪತ್ತು ಮಂದಿಯಿಂದ ತಿಂಗಳಿಗೆ ಏಳು ಕಿಲೋ. ಸೆಪ್ಟಿಕ್ ಟ್ಯಾಂಕ್ ಗಟ್ಟಿ ಪದಾರ್ಥವನ್ನು ಹಿಡಿದಿಡುತ್ತದೆಯೇ ಹೊರತು ಸಾರಜನಕವನ್ನಲ್ಲ. ಸುತ್ತ ಜೇಡಿಮಣ್ಣಿದ್ದರೆ ಒಂದಿಷ್ಟು ಶೋಧನೆ ಆದೀತು. ಹವಳದ ಮರಳು ಜರಡಿಯಂತೆ, ಒಂದೆರಡು ಮೀಟರ್ ಕೆಳಗೆ ಅಂತರ್ಜಲ, ಅದರಾಚೆ ಲಗೂನು. ಪೋಷಕಾಂಶ ಬೇಡುವ ಪಾಚಿಗೆ ಹಬ್ಬ, ಅದು ಹವಳವನ್ನು ಮುಚ್ಚುತ್ತದೆ. ಅತಿಥಿಗಳು ದುಡ್ಡು ಕೊಟ್ಟು ನೋಡಲು ಬಂದ ಹವಳದ ದಿಬ್ಬವನ್ನು ಅವರ ಶೌಚಾಲಯವೇ ತಿನ್ನುತ್ತಿರುತ್ತದೆ.

ಆದ್ದರಿಂದ ಕಾಂಪೋಸ್ಟ್ ಶೌಚಾಲಯ ಇಲ್ಲಿ ಶೋಕಿಯ ವಸ್ತುವಲ್ಲ. ಮೂತ್ರ ಮುಂದಿನಿಂದ ಬೇರೆ ಕೊಳವೆಗೆ, ಮಲ ಹಿಂದಿನ ಕೋಣೆಗೆ. ಪ್ರತಿ ಸಲವೂ ಒಂದೆರಡು ಹಿಡಿ ಮರದ ಹೊಟ್ಟು, ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ನೀರಿನಿಂದ ತೊಳೆದುಕೊಳ್ಳುವ ರೂಢಿಯವರಿಗೆ ಪಕ್ಕದಲ್ಲೇ ಬೇರೆ ಕುಣಿ ಇರಬೇಕು, ಆ ನೀರು ಕೋಣೆಗೆ ಬೀಳಕೂಡದು. 100 ಮಿ.ಮೀ.ಗೂ ಹೆಚ್ಚು ವ್ಯಾಸದ ಗಾಳಿಕೊಳವೆ ಚಾವಣಿಗಿಂತ ಎತ್ತರ ನಿಂತಿರಬೇಕು, ತುದಿಗೆ ನೊಣದ ಜಾಲರಿ. ಹೊದಿಕೆಯೂ ಸೇರಿ ತಲೆಗೆ ವರ್ಷಕ್ಕೆ 150 ಲೀಟರ್ ಜಾಗ ಹಿಡಿದರೆ ಇಪ್ಪತ್ತು ಮಂದಿಗೆ 3 ಘನ ಮೀಟರ್. ಇಂಥ ಎರಡು ಕೋಣೆ ಬೇಕು: ಒಂದು ತುಂಬುವಾಗ ಇನ್ನೊಂದು ಒಂದು ವರ್ಷ ಮುಚ್ಚಿಕೊಂಡು ಮಲಗಿರಬೇಕು. ಮಲದಲ್ಲಿರುವ ಹೊಟ್ಟೆಹುಳದ ಮೊಟ್ಟೆಗಳು ಸಾಯುವುದು ಆ ಕಾಲದಿಂದಲೇ, ಬೇರೆ ಮಂತ್ರವಿಲ್ಲ.

ಇಲ್ಲಿಯೂ ಕೆಡಿಸುವುದು ಹಾಸಿಗೆಯ ಸಂಖ್ಯೆಯೇ. ಇಪ್ಪತ್ತು ಮಂದಿಗೆ ಕಟ್ಟಿದ ಕೋಣೆ ಮೂವತ್ತೈದು ಮಂದಿಗೆ ಏಳೇ ತಿಂಗಳಲ್ಲಿ ತುಂಬುತ್ತದೆ. ಇನ್ನೊಂದು ಕೋಣೆಯ ಗೊಬ್ಬರಕ್ಕೆ ಆಗಿನ್ನೂ ಏಳು ತಿಂಗಳು. ಜಾಗವಿಲ್ಲ, ಹಸಿಯಾಗಿಯೇ ತೆಗೆದು ಎಲ್ಲೋ ಹೂಳುತ್ತಾರೆ. ವಾಸನೆ ಬರುತ್ತಿದೆ ಎಂಬ ದೂರಿನ ಮೂಲ ಬಹುತೇಕ ಒದ್ದೆ: ಒಂದೋ ಹೊಟ್ಟು ಮುಗಿದಿದೆ, ಇಲ್ಲವೇ ಮೂತ್ರದ ಕೊಳವೆ ಕಟ್ಟಿದೆ. ಮೂತ್ರದ ಖನಿಜ ಕೊಳವೆಯೊಳಗೆ ಬಿಳಿ ಕಲ್ಲಿನಂತೆ ಕೂರುತ್ತದೆ. 50 ಮಿ.ಮೀ. ಕೊಳವೆಯನ್ನು ಚೂಪು ಬಾಗುಗಳಿಲ್ಲದೆ ಇಳಿಜಾರಾಗಿ ಹಾಕಿ, ಆಗಾಗ ವಿನೆಗರ್ ಸುರಿದರೆ ತಡೆಯಬಹುದು. ಕೂಡಿದ ಮೂತ್ರವನ್ನು ಎಂಟು ಹತ್ತು ಪಾಲು ನೀರು ಬೆರೆಸಿ ಬಾಳೆ, ಪಪಾಯಿಯ ಬುಡಕ್ಕೆ ಹಾಕಬೇಕು. ಗಿಡಗಳಿಲ್ಲದೆ ಮರಳಿಗೆ ಸುರಿದರೆ ಇಷ್ಟೆಲ್ಲ ಕಷ್ಟಪಟ್ಟದ್ದು ವ್ಯರ್ಥ, ಸಾರಜನಕ ಮತ್ತೆ ಲಗೂನಿಗೇ. ಪಾತ್ರೆ, ಸ್ನಾನದ ನೀರಿಗೆ ಎರಡು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ತೋಡಿ, ಕೊಂಬೆ ಕಸ ತುಂಬಿ ಸುತ್ತ ಬಾಳೆ ನೆಟ್ಟರೆ ಸಾಕು. ಬಾವಿಯಿಂದ ಕನಿಷ್ಠ 30 ಮೀಟರ್ ದೂರವಿರಲಿ.

ಹವಳಕ್ಕೂ ಅಡುಗೆಮನೆಯ ಮುಸುರೆಗೂ ಇನ್ನೊಂದು ಗಂಟಿದೆ, ಅದು ಇಲಿ. ಮುಚ್ಚಳವಿಲ್ಲದ ಕಸದ ಬುಟ್ಟಿ, ದೋಣಿಯಲ್ಲಿ ಬಂದ ಅಕ್ಕಿ ಮೂಟೆ, ಇಷ್ಟು ಸಾಕು ಇಲಿ ನೆಲೆಯೂರಲು. ಅವು ಕಡಲಹಕ್ಕಿಗಳ ಮೊಟ್ಟೆ, ಮರಿ ತಿನ್ನುತ್ತವೆ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ, ಇಲಿಗಳಿಲ್ಲದ ದ್ವೀಪಗಳಲ್ಲಿ ಕಡಲಹಕ್ಕಿಗಳ ಸಾಂದ್ರತೆ 760 ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಪಕ್ಕದ ಹವಳದ ದಿಬ್ಬದಲ್ಲಿ ಮೀನುಗಳ ಒಟ್ಟು ತೂಕವೂ 48% ಹೆಚ್ಚಿತ್ತು. ಹಕ್ಕಿ ದೂರದ ಕಡಲಿನಿಂದ ತಂದು ಹಾಕುವ ಹಿಕ್ಕೆ ದಿಬ್ಬಕ್ಕೆ ಗೊಬ್ಬರ. ಶೌಚಾಲಯದ ಸಾರಜನಕ ಕೊಲ್ಲುವಾಗ ಹಿಕ್ಕೆಯ ಸಾರಜನಕ ಹೇಗೆ ಸಾಕುತ್ತದೆ ಎಂಬ ಪ್ರಶ್ನೆ ಸಹಜ. ಹಿಕ್ಕೆ ದ್ವೀಪದ ತುಂಬ ಹರಡಿ ಬೀಳುತ್ತದೆ, ಹವಳ ಅದಕ್ಕೆ ಸಾವಿರಾರು ವರ್ಷಗಳಿಂದ ಒಗ್ಗಿದೆ. ಸೆಪ್ಟಿಕ್ ಟ್ಯಾಂಕಿನದು ಒಂದೇ ಕಡೆಯಿಂದ, ನಿಂತ ನೀರಿಗೆ, ರೋಗಾಣುಗಳ ಸಮೇತ ಬರುತ್ತದೆ.

ಬಿಸಿಲು ಪುಕ್ಕಟೆ, ಬೋಲ್ಟು ಅಲ್ಲ

ವಿದ್ಯುತ್ತಿನ ವಿಷಯದಲ್ಲಿ ತಂತ್ರಜ್ಞಾನ ಗೆದ್ದಿದೆ ಎನ್ನಬಹುದು. ಅಮೆರಿಕನ್ ಸಮೋವಾದ ತೌ ದ್ವೀಪ 2016ರಲ್ಲಿ 1.4 ಮೆಗಾವ್ಯಾಟ್ ಸೌರ ಫಲಕ, 6,000 ಯೂನಿಟ್ ಹಿಡಿಯುವ ಬ್ಯಾಟರಿಗಳಿಂದ ಹೆಚ್ಚುಕಡಿಮೆ ಪೂರ್ತಿ ಡೀಸೆಲ್ ಬಿಟ್ಟಿತು. ಎಸಿ ಇಲ್ಲದ ಬಳಗದಲ್ಲಿ ದೀಪ, ಫ್ಯಾನು, ಪಂಪು, ಫ್ರಿಜ್ಜು ಸೇರಿ ತಲೆಗೆ ದಿನಕ್ಕೆ ಒಂದೂಕಾಲು ಯೂನಿಟ್ ಸಾಕು. ಇಪ್ಪತ್ತು ಮಂದಿಗೆ 25 ಯೂನಿಟ್. ದಿನಕ್ಕೆ ನಾಲ್ಕೂವರೆ ಗಂಟೆ ಪೂರ್ಣ ಬಿಸಿಲು, ಕಾಲು ಭಾಗ ನಷ್ಟ ಎಂದು ಹಿಡಿದರೆ ಏಳೂವರೆ ಕಿಲೋವ್ಯಾಟ್ ಫಲಕ, ಮೋಡದ ದಿನಕ್ಕೂ ಸೇರಿಸಿ 45 ಯೂನಿಟ್ ಬ್ಯಾಟರಿ. ಐದು ಕೋಣೆಗೆ ಎಸಿ ಹಾಕಿ ನೋಡಿ: ರಾತ್ರಿಗೆ ಕೋಣೆಗೆ ಎಂಟು ಯೂನಿಟ್, ಒಟ್ಟು 40. ಇಡೀ ಬಳಗದ ಬಳಕೆಗಿಂತ ಅದೊಂದೇ ಹೆಚ್ಚು, ಅದೂ ಬಿಸಿಲಿಲ್ಲದ ಹೊತ್ತಿನಲ್ಲಿ.

ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ, ಅದನ್ನು ಹಿಡಿದ ಬೋಲ್ಟು ಮೂರು ವರ್ಷವೂ ಬಾಳದೆ ಇರಬಹುದು. ಅಲ್ಯೂಮಿನಿಯಂ ಚೌಕಟ್ಟಿಗೆ ಕಬ್ಬಿಣದ ಬೋಲ್ಟು ತಾಗಿ, ನಡುವೆ ಉಪ್ಪುಗಾಳಿಯ ತೇವ ನಿಂತರೆ ಅದೇ ಒಂದು ಸಣ್ಣ ಬ್ಯಾಟರಿಯಾಗಿ ಲೋಹ ಕರಗುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು, ನಡುವೆ ನೈಲಾನ್ ವಾಷರ್. ಹೊರಗಿನ ವೈರ್ ಜೋಡಣೆಗಳು ನೀರು ನಿಲ್ಲದಂತೆ ಕೆಳಮುಖವಾಗಿ. ಇನ್ವರ್ಟರಿನ ಬಿಸುಪಿಗೆ ಹಲ್ಲಿ, ಇರುವೆ ನುಗ್ಗಿ ಬೋರ್ಡು ಶಾರ್ಟ್ ಮಾಡುವುದು ದ್ವೀಪಗಳಲ್ಲಿ ದಿನನಿತ್ಯದ ಪೀಡೆ. ಗಾಳಿಕಿಂಡಿಗೆ ಸಣ್ಣಕಣ್ಣಿನ ಜಾಲರಿ ಹಾಕಿದವರು ಒಂದು ಬಿಡಿ ಇನ್ವರ್ಟರಿನ ಬೆಲೆ ಉಳಿಸಿಕೊಳ್ಳುತ್ತಾರೆ. ಉಳಿಸಿಕೊಂಡರೂ ಬಿಡಿಯೊಂದು ಕಪಾಟಿನಲ್ಲಿರಲಿ, ಮುಂದಿನ ದೋಣಿ ಯಾವಾಗ ಬರುತ್ತದೋ.

ದೋಣಿ ಎಂದಾಗ ಕಸದ ಮಾತು. ಬರುವಾಗ ತುಂಬಿ ಬಂದ ದೋಣಿ ಹೋಗುವಾಗ ಖಾಲಿ ಹೋಗುತ್ತದೆ. ಗಾಜು, ಡಬ್ಬಿ, ಬ್ಯಾಟರಿ, ಪ್ಲಾಸ್ಟಿಕ್ ಎಲ್ಲವನ್ನೂ ಅದರಲ್ಲೇ ವಾಪಸ್ ಕಳಿಸುವ ಒಪ್ಪಂದ ಮೊದಲೇ ಆಗಿರಬೇಕು. ಇಲ್ಲದಿದ್ದರೆ ಹಿತ್ತಿಲಿನಲ್ಲಿ ಬೆಂಕಿ, ಪಿವಿಸಿ ಸುಟ್ಟು ಡಯಾಕ್ಸಿನ್ ಎಂಬ ವಿಷದ ಹೊಗೆ. ಮಾಲ್ಡೀವ್ಸ್‌ನಲ್ಲಿ 1990ರ ದಶಕದ ಆರಂಭದಿಂದ ಕಸ ಸುರಿದು ಸುರಿದು ಲಗೂನೊಂದು ಥಿಲಫುಶಿ ಎಂಬ ದ್ವೀಪವೇ ಆಯಿತು.

ಸನ್‌ಸ್ಕ್ರೀನಿಗೂ ಒಂದು ಮಾತು ಸಲ್ಲಬೇಕು. ಪೆಸಿಫಿಕ್ ಸಾಗರದ ಪಲಾವು ಎಂಬ ದ್ವೀಪದೇಶ 2020ರ ಜನವರಿಯಿಂದ, ಹವಾಯಿ 2021ರ ಜನವರಿಯಿಂದ ಆಕ್ಸಿಬೆಂಜೋನ್‌ನಂಥ ರಾಸಾಯನಿಕವಿರುವ ಸನ್‌ಸ್ಕ್ರೀನನ್ನು ಹವಳಕ್ಕೆ ಕೆಡುಕೆಂದು ನಿರ್ಬಂಧಿಸಿವೆ. ಒಳ್ಳೆಯದೇ. ಆದರೆ ಬಾಗಿಲಲ್ಲಿ ಅತಿಥಿಯ ಚೀಲ ತಪಾಸಿಸಿ, ಹಿಂದೆ ಸೆಪ್ಟಿಕ್ ಟ್ಯಾಂಕನ್ನು ಮರಳಿಗೆ ಬಿಡುವ ಬಳಗಕ್ಕೆ ಆದ್ಯತೆಯೇ ತಲೆಕೆಳಗಾಗಿದೆ. ದೋಣಿಗಳನ್ನು ಲಂಗರು ಎಸೆಯದೆ ಕಟ್ಟಲು ಶಾಶ್ವತ ಬೋಯಿ (ತಳಕ್ಕೆ ಬಿಗಿದ ತೇಲುಗುಂಡು) ನೆಟ್ಟರೆ ಹವಳಕ್ಕೆ ಇದಕ್ಕಿಂತ ಹೆಚ್ಚು ಉಪಕಾರ. ಇನ್ನು ಸಮುದ್ರವೇ ಕಾದರೆ ಬಳಗ ಮಾಡುವುದು ಹೆಚ್ಚೇನಿಲ್ಲ: ಜಗತ್ತಿನಾದ್ಯಂತದ ನಾಲ್ಕನೇ ಹವಳ ಬಿಳಿಚುವಿಕೆ (ಬಿಸಿಗೆ ಹವಳ ಬಣ್ಣ ಕಳೆದುಕೊಂಡು ಸೊರಗುವುದು) ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು.

ಆ ಬಿಸಿಯಲ್ಲಿ ಅತಿಥಿಯ ಪಾಲೂ ಇದೆ. ಹತ್ತು ದಿನ ತಂಗಿದ ಅತಿಥಿ ಬಳಸುವ 12-13 ಯೂನಿಟ್ಟನ್ನು ಡೀಸೆಲ್ಲಿನಿಂದ ತೆಗೆದಿದ್ದರೆ ಸುಮಾರು ನಾಲ್ಕೈದು ಲೀಟರ್ ಉರಿದು, 12 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತಿತ್ತು. ಸೌರ ಫಲಕ ಉಳಿಸಿದ್ದು ಅಷ್ಟು. ಏಳು ಸಾವಿರ ಕಿಲೋಮೀಟರ್ ದೂರದಿಂದ ವಿಮಾನದಲ್ಲಿ ಬಂದು ಹೋದರೆ ಹೊಮ್ಮುವುದು ಒಂದು ಟನ್ನಿಗೂ ಮೇಲೆ. ಇದಕ್ಕೆ ಬಳಗದ ಕೈಯಲ್ಲಿರುವ ಒಂದೇ ಉತ್ತರ ಕಡಿಮೆ ಮಂದಿ, ಉದ್ದ ತಂಗುವಿಕೆ. ಮೂರು ರಾತ್ರಿಯ ಪ್ಯಾಕೇಜ್ ಮಾರುತ್ತಲೇ ಪರಿಸರದ ಮಾತಾಡುವುದು ಆಗದ ಕೆಲಸ. ಉದ್ದ ತಂಗುವವರು ಹಾಸಿಗೆ ಬಟ್ಟೆ ಒಗೆಯುವ ನೀರನ್ನೂ ಉಳಿಸುತ್ತಾರೆ, ಶೌಚಾಲಯ ಬಳಸುವುದನ್ನೂ ಕಲಿತಿರುತ್ತಾರೆ.

ನೆಲ ಯಾರದು ಎಂಬುದನ್ನು ಕೊನೆಗೆ ಕೇಳುವವರೇ ಹೆಚ್ಚು. ಫಿಜಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನೆಲ ಮೂಲನಿವಾಸಿ ಕುಲಗಳದ್ದು, ಮಾರುವಂತಿಲ್ಲ, ಗುತ್ತಿಗೆಗೆ ಮಾತ್ರ. 2006ರಲ್ಲಿ ಅಲ್ಲಿನ ವೊರೊವೊರೊ ದ್ವೀಪದಲ್ಲಿ ಟ್ರೈಬ್‌ವಾಂಟೆಡ್ ಎಂಬ ಪರಿಸರ ಬಳಗದ ಪ್ರಯೋಗ ಶುರುವಾದದ್ದೂ ಗುತ್ತಿಗೆಯ ಮೇಲೆಯೇ: ಅಂತರ್ಜಾಲದಲ್ಲಿ 5,000 ಸದಸ್ಯರ ಗುರಿ, ದ್ವೀಪದಲ್ಲಿ ಒಮ್ಮೆಗೆ ನೂರರ ಮಿತಿ. ಇಂಥ ಕಡೆ ಮುರಿದುಬೀಳುವುದು ಗುತ್ತಿಗೆ ಮುಗಿದಾಗ, ಇಲ್ಲವೇ ಕೆಲಸ ಬಲ್ಲವರು ಹೊರಟಾಗ. ಎರಡು ವಾರಕ್ಕೆ ಬರುವ ಸ್ವಯಂಸೇವಕರು ಗೋಡೆ ಕಟ್ಟಬಲ್ಲರು. ಯಾವ ವಾಲ್ವ್ ಯಾವ ತೊಟ್ಟಿಯದು ಎಂಬುದು ಊರಿನವರ ತಲೆಯಲ್ಲಿ ಇರಬೇಕು. ಜಾಂಜಿಬಾರ್ ಬಳಿಯ ಚುಂಬೆ ದ್ವೀಪದ ಹವಳದ ದಿಬ್ಬ 1994ರಲ್ಲಿ ಸಂರಕ್ಷಿತವಾಯಿತು. ಅಲ್ಲಿ ಹಿಂದಿನ ಮೀನುಗಾರರೇ ಕಾವಲುಗಾರರಾದರು, ಏಳು ಮನೆಗಳಿಗೆ ಮಳೆನೀರು ಮತ್ತು ಕಾಂಪೋಸ್ಟ್ ಶೌಚಾಲಯ, ಅತಿಥಿಗಳ ಹಣದಿಂದ ದಿಬ್ಬದ ಕಾವಲು. ಇಷ್ಟು ವರ್ಷದಲ್ಲಿ ಏಳು ಎಪ್ಪತ್ತಾಗಲಿಲ್ಲ.

ತೊಟ್ಟಿಯ ಹೊರಗೋಡೆಗೆ ಒಂದು ಪಾರದರ್ಶಕ ಕೊಳವೆ ಜೋಡಿಸಿ, ಪಕ್ಕದಲ್ಲಿ ಐದೈದು ಸಾವಿರ ಲೀಟರಿಗೊಂದು ಗೆರೆ ಎಳೆಯಬಹುದು. ಉಳಿದ ನೀರನ್ನು ಮಳೆಗೆ ಉಳಿದ ದಿನಗಳಿಂದ ಭಾಗಿಸಬೇಕು, ನಿವಾಸಿಗಳ ಪಾಲನ್ನು ಕಳೆಯಬೇಕು, ಮಿಕ್ಕದ್ದನ್ನು ಅತಿಥಿಗೆ ಇಷ್ಟು ಎಂದು ಭಾಗಿಸಬೇಕು. ಮಳೆಗೆ 45 ದಿನ ಇರುವಾಗ ಗೆರೆ 20,000ದಲ್ಲಿದ್ದರೆ ದಿನಕ್ಕೆ 444 ಲೀಟರ್. ಒಂಬತ್ತು ನಿವಾಸಿಗಳು 50 ಲೀಟರಿಗೆ ಇಳಿದರೂ 450 ಬೇಕು. ಅತಿಥಿಗಳಿಗೆ ಉಳಿದದ್ದು ಸೊನ್ನೆ. ಆ ದಿನ ಬುಕಿಂಗ್ ರದ್ದು ಮಾಡಿ ಹಣ ವಾಪಸ್ ಕೊಡುವ ನಿಯಮ ಬುಕಿಂಗ್ ಅರ್ಜಿಯ ಮೊದಲ ಪುಟದಲ್ಲೇ ಅಚ್ಚಾಗಿರಬೇಕು, ಅದಕ್ಕೆ ಬೇಕಾದ ಹಣ ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು.